ಕತೆಗೆ ಅಪರೂಪ, ಕೈಗೆ ಸಮ: ಈಡು ತುಂಬುವವರನ್ನು ಓದುವ ಬಗೆ

ಕೆದಂಬಾಡಿ ಜತ್ತಪ್ಪ ರೈಗಳ ಬೇಟೆಯ ಪುಸ್ತಕವೊಂದರ ಹೆಸರು ‘ಈಡೊಂದು ಹುಲಿಯೆರಡು’. ಬೇಟೆಗತೆಯ ಸ್ವಭಾವ ಏನು ಎಂಬುದು ಪುಸ್ತಕ ತೆರೆಯುವ ಮೊದಲೇ ಆ ಹೆಸರಿನಲ್ಲಿ ಗೊತ್ತಾಗಿಬಿಡುತ್ತದೆ. ಒಂದು ಈಡಿಗೆ ಒಂದು ಹುಲಿ ಬಿದ್ದರೆ ಊರಿಗೆ ಸುದ್ದಿ. ಎರಡು ಬಿದ್ದರೆ ಪುಸ್ತಕಕ್ಕೆ ಹೆಸರು. ಹೊಡೆದಾಗಲೆಲ್ಲ ಒಂದೇ ಜಾಗಕ್ಕೆ, ಒಂದೇ ರಭಸದಲ್ಲಿ ಗುಂಡು ಹೋಯಿತು ಎಂದು ಯಾರೂ ಕತೆ ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಆದರೆ ಕೋವಿಗೆ ಮದ್ದು ತುಂಬುವವನು ಜೀವಮಾನವೆಲ್ಲ ಬಯಸುವುದು ಅದನ್ನೇ. ನಿನ್ನೆಯ ಈಡಿನ ಹಾಗೆ ಇಂದಿನದೂ ಇರಬೇಕು, ಇಂದಿನ ಹಾಗೆ ನಾಳೆಯದೂ ಇರಬೇಕು. ಕತೆಗೆ ಅಪರೂಪ ಬೇಕು, ಕೈಗೆ ಸಮ ಬೇಕು. ಈ ಜಗಳ ನಮ್ಮ ಗದ್ಯದಲ್ಲಿ ಹೇಗೆ ನಡೆದಿದೆ, ಅದರಲ್ಲಿ ಸೋತವರು ಯಾರು ಎಂದು ನೋಡುವುದು ಈ ಬರಹದ ಉದ್ದೇಶ.

‘ಈಡು’ ಎಂಬ ಪದವೇ ಇಲ್ಲಿ ನಮಗೆ ಒಂದು ಸುಳಿವು ಕೊಡುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಈಡು ಎಂದರೆ ಕೋವಿಯ ಒಂದು ಹೊಡೆತ. ಆ ಹೊಡೆತಕ್ಕೆಂದು ತುಂಬಿದ ಮದ್ದು, ಚರೆಗಳೂ ಈಡೇ. ಈಡುಜೋಡು ಎಂಬಲ್ಲಿ ಅದೇ ಈಡು ಸರಿಸಮ ಎಂಬ ಅರ್ಥ ಕೊಡುತ್ತದೆ. ಎರಡರ ಬೇರು ಒಂದೇ ಎಂದು ನಾನು ವಾದಿಸುತ್ತಿಲ್ಲ, ಅದು ನಿಘಂಟುಕಾರರ ಕೆಲಸ. ಆದರೆ ಹೊಡೆತಕ್ಕೂ ಸಮಕ್ಕೂ ಒಂದೇ ಉಚ್ಚಾರ ಇರುವ ಭಾಷೆಯಲ್ಲಿ ನಾವು ಹೊಡೆತದ ಕತೆಗಳನ್ನು ಕೂಡಿಹಾಕಿಕೊಂಡು ಸಮದ ಕತೆಗಳನ್ನು ಮರೆತೆವು ಎನ್ನುವುದು ಮಾತ್ರ ಯೋಚಿಸಬೇಕಾದ ಸಂಗತಿ.

ಮೊದಲು ಈ ಸಮದ ಹುಚ್ಚು ಎಂಥದ್ದು ಎಂದು ಸ್ವಲ್ಪ ತಿಳಿದುಕೊಳ್ಳೋಣ. ರೈಫಲ್ಲಿನ ತೋಟಾಗಳನ್ನು ಅಂಗಡಿಯಲ್ಲಿ ಕೊಳ್ಳದೆ ತಾವೇ ಒಂದೊಂದಾಗಿ ತುಂಬಿಕೊಳ್ಳುವ ಹವ್ಯಾಸ ಅಮೆರಿಕ, ಯೂರೋಪುಗಳ ಗುರಿಕಾರರಲ್ಲಿ ದೊಡ್ಡದು. (ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ.) ಅವರ ಅಳತೆಯ ಮಾನ ‘ಗ್ರೇನ್’, ಅಂದರೆ ಕಾಳು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಒಂದು ಭಾಗದವರೆಗೆ ಮದ್ದನ್ನು ತೂಗುತ್ತಾರೆ. ನಮ್ಮ ಕಡೆಯ ಜೋಳದ ಕಾಳು ಒಂದಕ್ಕೆ ಸುಮಾರು 30 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಅವರು ಲೆಕ್ಕ ಹಿಡಿಯುವುದು ಒಂದು ಜೋಳದ ಕಾಳಿನ ಐದನೇ ಒಂದು ಪಾಲನ್ನು! ನಮ್ಮ ಅಕ್ಕಸಾಲಿಗರ ಗುಲಗಂಜಿಯೂ ಇದರ ಮುಂದೆ ದಪ್ಪ ಕಲ್ಲು. ಅಷ್ಟಕ್ಕೇ ನಿಲ್ಲುವುದಿಲ್ಲ. ಹಿತ್ತಾಳೆಯ ಖಾಲಿ ತೋಟಾಗಳನ್ನು ತೂಕ ನೋಡಿ ಗುಂಪು ಮಾಡುವವರಿದ್ದಾರೆ. ಗುಂಡನ್ನು ಕೂರಿಸುವಾಗ ಅರ್ಧ ಒತ್ತಿ, ತೋಟಾವನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಒತ್ತುವವರಿದ್ದಾರೆ. ಒಂದು ಪಂದ್ಯಕ್ಕೆ ಬೇಕಾದ ಅಷ್ಟೂ ತೋಟಾಗಳನ್ನು ಒಂದೇ ಕೂತಲ್ಲಿ, ಯಾರೊಂದಿಗೂ ಮಾತಾಡದೆ ತುಂಬುವವರಿದ್ದಾರೆ. ನಡುವೆ ಯಾರಾದರೂ ಕರೆದರೆ ಅಲ್ಲಿಯವರೆಗಿನದನ್ನು ಬೇರೆ ಡಬ್ಬಿಗೆ ಹಾಕಿ ಮೊದಲಿನಿಂದ ಶುರುಮಾಡುತ್ತಾರೆ.

ಇದರಲ್ಲಿ ಎಷ್ಟು ಲೆಕ್ಕ, ಎಷ್ಟು ನಂಬಿಕೆ? ಗಣಿತ ಇಲ್ಲಿ ಸ್ವಲ್ಪ ನಿಷ್ಠುರವಾಗಿದೆ. ಗುರಿ ತಪ್ಪುವುದಕ್ಕೆ ಹಲವು ಕಾರಣಗಳಿರುತ್ತವೆ: ನಳಿಗೆ, ಮದ್ದು, ಗಾಳಿ, ಉಸಿರು, ನಡುಗುವ ತೋಳು. ಒಂದಕ್ಕೊಂದು ಸಂಬಂಧವಿಲ್ಲದ ಈ ತಪ್ಪುಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ತೋಳಿನ ತಪ್ಪು 10 ಇದ್ದು ಮದ್ದಿನ ತಪ್ಪು 1 ಇದ್ದರೆ ಒಟ್ಟು ತಪ್ಪು 11 ಅಲ್ಲ, 10.05. ಮದ್ದನ್ನು ಎಷ್ಟೇ ಸೂಕ್ಷ್ಮವಾಗಿ ತೂಗಿ ಆ ಒಂದನ್ನು ಸೊನ್ನೆ ಮಾಡಿದರೂ ಉಳಿಯುವುದು 10. ದೊಡ್ಡ ತಪ್ಪು ಇರುವವರೆಗೆ ಸಣ್ಣ ತಪ್ಪನ್ನು ತಿದ್ದಿ ಪ್ರಯೋಜನ ಕಮ್ಮಿ. ಇನ್ನೊಂದು ತೊಡಕೂ ಇದೆ. ಹೊಸ ಅಭ್ಯಾಸವೊಂದನ್ನು ಮೂರು ಈಡು ಹೊಡೆದು ಪರೀಕ್ಷೆ ಮಾಡಿದರೆ ಫಲಿತಾಂಶ ಅದೃಷ್ಟದ್ದೋ ಅಭ್ಯಾಸದ್ದೋ ಹೇಳಲಾಗದು. ಆದರೆ ಮೂರೂ ಒಟ್ಟಿಗೆ ಬಿದ್ದ ದಿನ ನೆನಪಿನಲ್ಲಿ ಉಳಿಯುತ್ತದೆ, ಚದುರಿದ ದಿನ ಮರೆತುಹೋಗುತ್ತದೆ. ಹಾಗೆ ಅಭ್ಯಾಸ ಅಂಟಿಕೊಳ್ಳುತ್ತದೆ.

ಈ ಅಂಟನ್ನು ಬೇಟೆಯ ಸಾಹಿತ್ಯದಲ್ಲಿ ಬಹಳ ಪ್ರಾಮಾಣಿಕವಾಗಿ ಗುರುತಿಸಿದವನು ಜಿಮ್ ಕಾರ್ಬೆಟ್. 1944ರಲ್ಲಿ ಬಂದ ಕುಮಾವೂನಿನ ನರಭಕ್ಷಕಗಳ ಪುಸ್ತಕದಲ್ಲಿ, ಕಂಡಾದ ಹುಲಿಯ ಕತೆ ಶುರುವಾಗುವ ಮೊದಲು ಅವನು ಬೇಟೆಗಾರರ ಖಾಸಗಿ ಮೂಢನಂಬಿಕೆಗಳ ಬಗ್ಗೆ ಒಂದಿಷ್ಟು ಹೇಳುತ್ತಾನೆ. ಅವನ ಗೆಳೆಯನೊಬ್ಬ ದೊಡ್ಡ ಬೇಟೆಗೆ ಹೊರಟಾಗಲೆಲ್ಲ ಒಯ್ಯುವುದು ಐದೇ ತೋಟಾ. ಇನ್ನೊಬ್ಬನದು ಏಳು. ಮತ್ತೊಬ್ಬ ಪ್ರಸಿದ್ಧ ಬೇಟೆಗಾರ ಮಹಶೀರ್ ಮೀನು ಹಿಡಿಯದೆ ಚಳಿಗಾಲದ ಬೇಟೆ ಆರಂಭಿಸುವುದಿಲ್ಲ. ಕಾರ್ಬೆಟ್ಟನದು ಹಾವು: ಒಂದು ಹಾವನ್ನು ಕೊಲ್ಲುವವರೆಗೆ ನರಭಕ್ಷಕ ತನಗೆ ಸಿಗುವುದಿಲ್ಲ ಎಂಬ ನಂಬಿಕೆ. ಹುಲಿಯ ಹೆಜ್ಜೆ ನೋಡಿಯೇ ಅದು ಗಂಡೋ ಹೆಣ್ಣೋ, ಮುದಿಯೋ ಪ್ರಾಯದ್ದೋ ಎಂದು ಹೇಳಬಲ್ಲವನ ಮಾತಿದು. ಅವನಿಗೆ ವಿವೇಚನೆ ಇರಲಿಲ್ಲ ಎಂದು ಯಾರೂ ಹೇಳಲಾರರು. ಮತ್ತೆ ಐದೇ ತೋಟಾ ಯಾಕೆ, ಏಳೇ ಯಾಕೆ?

ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1925ರ ಪ್ರಬಂಧದಲ್ಲಿ ಕೊಟ್ಟ ಉತ್ತರ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳ ಮೀನುಗಾರರು ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಯಾವ ಮಂತ್ರತಂತ್ರವನ್ನೂ ಮಾಡುತ್ತಿರಲಿಲ್ಲ. ಅಲ್ಲಿ ಅವರ ಕಸುಬು ಸಾಕಿತ್ತು. ಅಪಾಯವಿದ್ದ ತೆರೆದ ಕಡಲಿಗೆ ಹೊರಟಾಗ ಮಾತ್ರ ಆಚರಣೆಗಳ ಪಟ್ಟಿಯೇ ಇರುತ್ತಿತ್ತು. ಅಂದರೆ ತಿಳಿವಳಿಕೆ ಇಲ್ಲದ್ದರಿಂದ ಆಚರಣೆ ಹುಟ್ಟುವುದಿಲ್ಲ. ತಿಳಿವಳಿಕೆ ಕೈಲಾದಷ್ಟು ದೂರ ಕರೆದೊಯ್ದು ಬಿಟ್ಟ ಜಾಗದಲ್ಲಿ ಹುಟ್ಟುತ್ತದೆ. ಬೀಜಿಂಗ್‌ನಲ್ಲಿ 2008ರಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರ ಆತ್ಮಕಥೆಯಲ್ಲೂ ಇದೇ ಕಾಣುತ್ತದೆ. ಆ ಪಂದ್ಯದಲ್ಲಿ ಪೂರ್ತಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರಿನದು. ಒಲಿಂಪಿಕ್ಸಿನ ದೊಡ್ಡ ಸಭಾಂಗಣದ ಅಭ್ಯಾಸವಾಗಲೆಂದು ಅವರು ಮದುವೆ ಛತ್ರ ಬಾಡಿಗೆಗೆ ಹಿಡಿದು ಗುರಿ ಅಭ್ಯಾಸ ಮಾಡಿದರು. ಏಕಾಗ್ರತೆಗೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಯಾಕ್ ಹಾಲು ಕುಡಿದರು. ಛತ್ರ ಉಪಯೋಗವಾದದ್ದು ನಮಗೆ ಅರ್ಥವಾಗುತ್ತದೆ, ಹಾಲಿನದು ಅನುಮಾನ. ಆದರೆ ಅಭ್ಯಾಸ ಮಾಡುವವನಿಗೆ ಆ ಹೊತ್ತಿನಲ್ಲಿ ಎರಡೂ ಒಂದೇ ಸಾಲಿನಲ್ಲಿರುತ್ತವೆ. ಯಾವುದನ್ನೂ ಬಿಡುವ ಧೈರ್ಯ ಅವನಿಗಿಲ್ಲ.

ಸಾಹಿತ್ಯದ ಓದುಗರಾಗಿ ನಮ್ಮ ಪ್ರಶ್ನೆ ಶುರುವಾಗುವುದು ಇಲ್ಲಿಂದ. ಹೊರಗಿನಿಂದ ನೋಡುವವನಿಗೆ ಛತ್ರವೂ ಹಾಲೂ ಎರಡೂ ‘ವಿಚಿತ್ರ ಅಭ್ಯಾಸ’. ಯಾವುದು ಕಸುಬು, ಯಾವುದು ಶಕುನ ಎಂದು ಬೇರ್ಪಡಿಸಬೇಕಾದರೆ ಒಳಗಿನಿಂದ ಯಾರಾದರೂ ಹೇಳಬೇಕು. ಹತ್ತು ಸಲ ಮಾಡಿದ್ದನ್ನು ಹತ್ತು ಸಲವೂ ನೋಡಿದವರು ಹೇಳಬೇಕು. ಹಾಗೆ ಹೇಳುವ ಗದ್ಯ ನಮ್ಮಲ್ಲಿದೆಯೇ?

ಮಲೆನಾಡಿನಲ್ಲಿ ಅದರ ಸಾಮಗ್ರಿ ಧಾರಾಳವಾಗಿದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಕೇಪಿನ ಕೋವಿ ಬೇರೆ, ತೋಟಾಕೋವಿ ಬೇರೆ ಎಂದು ಬಿಡಿಸಿ ಹೇಳಬೇಕಿಲ್ಲ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಗಜದಿಂದ ಗುದ್ದಿ, ಚರೆಯೋ ಗುಂಡೋ ಹಾಕಿ, ಮತ್ತೆ ಗುದ್ದಿ, ಕೊನೆಗೆ ಕೇಪು ಇಡಬೇಕು. ಪ್ರತಿಯೊಂದು ಈಡೂ ಕೈಯಿಂದ ಮಾಡಿದ್ದು. ಮದ್ದು ಎಷ್ಟು, ಗುದ್ದಿದ್ದು ಎಷ್ಟು, ನಾರು ಒಣಗಿದ್ದೋ ಹಸಿಯೋ, ಎಲ್ಲವೂ ಹೊಡೆತದ ಹಣೆಬರಹ ಬರೆಯುತ್ತವೆ. ಮುಂಗಾರು ಹಿಡಿದ ಮೇಲೆ ಮಲೆನಾಡಿನ ಗಾಳಿಯಲ್ಲಿ ಮದ್ದು ಥಂಡಿ ಹಿಡಿಯುತ್ತದೆ. ಕುದುರೆ ಬಿದ್ದು ಕೇಪು ಚಟ್ಟೆಂದರೂ ಈಡು ಹಾರದೇ ಹೋಗಬಹುದು, ತಡವಾಗಿ ಹಾರಬಹುದು. ಅಂಥ ಕಡೆ ಒಂದೇ ಅಳತೆಯ ಗೂಡು, ಒಂದೇ ಕೈಯ ಗುದ್ದು, ಮದ್ದಿನ ಚೀಲ ತೂಗುಹಾಕುವ ಒಂದೇ ಮೂಲೆ ಎನ್ನುವುದು ಚಟವಲ್ಲ, ಬದುಕುವ ದಾರಿ.

ಆ ಗದ್ಯ ಈ ಕೆಲಸವನ್ನು ಕಾಣಿಸುತ್ತದೆ, ಆದರೆ ಹೆಚ್ಚು ಹೊತ್ತು ಅಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಕಾಡಿನ ಕತ್ತಲು ಬೇಕು, ಸೋವಿನ ಗದ್ದಲ ಬೇಕು, ಗಾಯಗೊಂಡ ಹಂದಿ ನುಗ್ಗುವ ಕ್ಷಣ ಬೇಕು. ಒಂದು ಸಣ್ಣ ವಿವರ ನೋಡಿ. ಹಳುವನ್ನು ಸೋಯುವವರು ಒಂದು ಕಡೆ, ಪ್ರಾಣಿ ಬರುವ ದಾರಿಗೆ ಅಡ್ಡಲಾಗಿ ಕೋವಿ ಹಿಡಿದು ಕಾಯುವವರು ಇನ್ನೊಂದು ಕಡೆ. ಕಾಯುವ ಆ ಜಾಗಕ್ಕೆ ಮಲೆನಾಡಿನಲ್ಲಿ ಹೆಸರು ‘ಬಿಲ್ಲು’. ಕೈಗೆ ಕೋವಿ ಬಂದು ತಲೆಮಾರುಗಳಾದರೂ ನಿಲ್ಲುವುದು ಬಿಲ್ಲಿಗೇ. ಭಾಷೆ ಹಳೆಯ ಆಯುಧವನ್ನು ಎಷ್ಟು ನಿಷ್ಠೆಯಿಂದ ಉಳಿಸಿಕೊಂಡಿದೆ! ಜೊತೆಗೆ ಇನ್ನೊಂದನ್ನೂ ಉಳಿಸಿಕೊಂಡಿದೆ: ಬಿಲ್ಲಿಗೆ ಯಾರು, ಸೋವಿಗೆ ಯಾರು ಎಂಬ ಹಂಚಿಕೆ. ಕೋವಿ ತೂಗುವುದು ಗೌಡರ ಮನೆಯ ಗೋಡೆಯಲ್ಲಿ. ನಾಯಿಗುತ್ತಿಯ ಜೊತೆಗಿರುವುದು ಹುಲಿಯ ಎಂಬ ನಾಯಿ. ‘ಮದುಮಗಳು’ ಕಾದಂಬರಿಯ ಆರಂಭದಲ್ಲಿ ಮುಖ್ಯ-ಅಮುಖ್ಯಗಳ ಭೇದವನ್ನು ಅಳಿಸಿಹಾಕುವ ಮಾತುಗಳು ಎಲ್ಲರಿಗೂ ಬಾಯಿಪಾಠ. ಆ ಮಾತನ್ನು ಕೋವಿಯ ಮೇಲೆ ಇಟ್ಟು ನೋಡಿದರೆ ಕಾದಂಬರಿ ತನ್ನ ಮಾತಿಗೆ ಎಷ್ಟು ನಿಂತಿದೆ ಎಂಬುದನ್ನು ಅಳೆಯಬಹುದು. ನನ್ನ ಓದಿನಲ್ಲಿ ನಾಯಿಯ ವಿಷಯದಲ್ಲಿ ಅದು ಪೂರ್ತಿ ನಿಂತಿದೆ. ಕೋವಿಯ ವಿಷಯದಲ್ಲಿ ಹೊಡೆದವನ ಹೆಸರು ಉಳಿಯುತ್ತದೆ, ಮದ್ದು ಒಣಗಿಸಿಟ್ಟ ಕೈಯ ಹೆಸರು ಉಳಿಯುವುದಿಲ್ಲ.

ತೇಜಸ್ವಿ ಬಂದ ಮೇಲೆ ಚಿತ್ರ ಬದಲಾಗುತ್ತದೆ. ಕೆನೆತ್ ಆಂಡರ್ಸನ್ನನ ಬೇಟೆಗಳನ್ನು ‘ಕಾಡಿನ ಕತೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದವರು ಅವರೇ. ಆಂಡರ್ಸನ್ನನ .405 ವಿಂಚೆಸ್ಟರ್ ರೈಫಲ್ ಕಾರ್ಖಾನೆಯ ತೋಟಾ ನುಂಗುವ ಯಂತ್ರ. ಅಲ್ಲಿ ಸಮ ಎನ್ನುವುದು ದುಡ್ಡು ಕೊಟ್ಟು ಕೊಂಡದ್ದು. ಆದ್ದರಿಂದ ಅವನ ಕತೆಯಲ್ಲಿ ಎಲ್ಲ ಗಮನ ಹುಲಿಯ ಮೇಲೂ ಕಾಡಿನ ಮೇಲೂ ಹೋಗಲು ಬಿಡುವಿದೆ. ಆದರೆ ತೇಜಸ್ವಿ ತಮ್ಮದೇ ಬರಹಕ್ಕೆ ಬಂದಾಗ, ಉದಾಹರಣೆಗೆ ‘ಪರಿಸರದ ಕತೆ’ಯಲ್ಲಿ, ಉಪಕರಣ ಕೈಕೊಡುವುದೇ ಕತೆಯಾಗುತ್ತದೆ. ಅಪರೂಪದ ಯಶಸ್ಸಿನ ಬದಲು ದಿನನಿತ್ಯದ ಎಡವಟ್ಟು ಅಲ್ಲಿ ಗದ್ಯದ ವಸ್ತು. ಎಡವಟ್ಟನ್ನು ಬರೆಯುವವನು ಸಮವನ್ನೂ ಬಲ್ಲವನಾಗಿರಬೇಕು. ಯಾವುದು ಸರಿ ನಡೆಯಬೇಕಿತ್ತು ಎಂದು ಗೊತ್ತಿಲ್ಲದೆ ಯಾವುದು ತಪ್ಪಿತು ಎಂದು ಹೇಳಲಾಗದು. ಬೇಟೆಗತೆಯ ಜಂಬವನ್ನು ಕನ್ನಡದಲ್ಲಿ ಮೊದಲು ಇಳಿಸಿದ್ದು ಈ ನಗು ಎಂದು ನಾನು ತಿಳಿದಿದ್ದೇನೆ.

‘ಕರ್ವಾಲೋ’ (1980) ಇದರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಊರಿನ ಕಣ್ಣಿಗೆ ಮಂದಣ್ಣ ಉಪಯೋಗಕ್ಕೆ ಬಾರದವನು, ಏನೇನೋ ವಿಚಿತ್ರ ಅಭ್ಯಾಸಗಳವನು. ಜೇನಿನ ಹಿಂದೆ, ಹುಳುವಿನ ಹಿಂದೆ ಅಲೆಯುವ ಅವನಲ್ಲಿ ಕರ್ವಾಲೋ ಒಬ್ಬ ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ. ಯಾಕೆಂದರೆ ಮಂದಣ್ಣ ಒಂದೇ ಸಂಗತಿಯನ್ನು ಮತ್ತೆ ಮತ್ತೆ ನೋಡಿದವನು. ಅಪರೂಪದ ಹಾರುವ ಓತಿಯನ್ನು ಕಾಣುವ ಕಣ್ಣು ತಯಾರಾದದ್ದು ಸಾವಿರ ಸಲ ಸಾಮಾನ್ಯ ಸಂಗತಿಗಳನ್ನು ನೋಡಿ. ಕೊನೆಗೆ ಓತಿ ಕೈಗೆ ಸಿಗುವುದಿಲ್ಲ, ಪ್ರಪಾತದ ಕಡೆ ತೇಲಿ ಹೋಗುತ್ತದೆ. ಹಳೆಯ ಬೇಟೆಗತೆಯಾಗಿದ್ದರೆ ಅದು ಸೋಲು. ಇಲ್ಲಿ ಅದು ಸೋಲಲ್ಲ, ಯಾಕೆಂದರೆ ಕಾದಂಬರಿಯ ಹುಡುಕಾಟ ಹೊಡೆದು ಉರುಳಿಸುವುದರಿಂದ ನೋಡಿ ತಿಳಿಯುವುದಕ್ಕೆ ಸರಿದಿದೆ. ‘ವಿಚಿತ್ರ’ ಎಂಬ ಹಣೆಪಟ್ಟಿಯನ್ನು ಕಿತ್ತು ‘ತಿಳಿವಳಿಕೆ’ ಎಂದು ಬರೆದ ಕಾದಂಬರಿ ಅದು.

ಕೊಡಗಿನ ಮಾತು ಸ್ವಲ್ಪ ಬೇರೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಗಾಳಿಗೆ ಹಾರಿಸುವ ಪದ್ಧತಿ ಇದೆ. ಈ ಗುಂಡುಗಳಿಗೆ ಗುರಿಯೇ ಇಲ್ಲ, ಎಣಿಕೆ ಮಾತ್ರ ಇದೆ. ಎರಡರ ನಡುವಿನ ಅಂತರ ತಪ್ಪಿದರೆ, ಎರಡನೆಯದು ಹಾರದೇ ಹೋದರೆ, ಬೆಟ್ಟದಾಚೆಯ ಮನೆಯವರಿಗೆ ಸಾವು ಹುಟ್ಟಾಗಿ ಕೇಳಿಸಬಹುದು. ಇಲ್ಲಿ ಸಮ ಎನ್ನುವುದು ವ್ಯಾಕರಣ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿಯ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಾಗ ಚರ್ಚೆಯೆಲ್ಲ ಹಕ್ಕು, ಸಮಾನತೆಗಳ ಸುತ್ತ ನಡೆಯಿತು. ಅದು ನಡೆಯಬೇಕಾದದ್ದೇ. ಅದರ ಪಕ್ಕದಲ್ಲಿ, ಶಬ್ದವನ್ನು ಭಾಷೆಯಾಗಿ ಉಳಿಸಿಕೊಂಡ ಈ ಎಣಿಕೆಯ ಬಗ್ಗೆಯೂ ಯಾರಾದರೂ ಬರೆಯಬೇಕು.

ಈಗ ನಮ್ಮ ಕಡೆಗೆ ಬರೋಣ. ಜೇವರ್ಗಿಯಲ್ಲಿ ಕೂತು ಮಲೆನಾಡಿನ ಕೋವಿಯ ಗದ್ಯ ಓದುವವರಿಗೆ ಒಂದು ಕಸಿವಿಸಿ ತಪ್ಪುವುದಿಲ್ಲ. ಭೀಮೆಯ ಈ ದಂಡೆಯಿಂದ ದಕ್ಷಿಣಕ್ಕೆ ಶಹಾಪುರ ದಾಟಿದರೆ ಸುರಪುರ. 1705ರಲ್ಲಿ ಔರಂಗಜೇಬ್ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅಲ್ಲಿನ ವಾಗಣಗೇರಾ ಕೋಟೆಯದು. ಪಿಡ್ಡನಾಯಕನ ಬೇಡರ ಬಂದೂಕಿನ ಗುರಿಯ ಬಗ್ಗೆ ಆ ಕಾಲದ ಇತಿಹಾಸ ಬರೆದ ಜದುನಾಥ ಸರ್ಕಾರರು ಮೆಚ್ಚುಗೆಯಿಂದ ಹೇಳುತ್ತಾರೆ. ದಖನ್ನಿನ ದೊಡ್ಡ ಗುರಿಕಾರರು ನಮ್ಮ ನೆರೆಯಲ್ಲಿದ್ದರು. ಆದರೂ ಅವರು ಬಂದೂಕು ಹೇಗೆ ಬಾರು ಮಾಡುತ್ತಿದ್ದರು, ಮದ್ದು ಯಾವುದರಲ್ಲಿ ಅಳೆಯುತ್ತಿದ್ದರು, ಬತ್ತಿ ಹೇಗೆ ಕಾಯ್ದುಕೊಳ್ಳುತ್ತಿದ್ದರು, ಮಗನಿಗೆ ಏನು ಹೇಳಿಕೊಡುತ್ತಿದ್ದರು ಎಂಬುದನ್ನು ನಾವು ಅವರ ಬಾಯಿಂದಲೇ ಕೇಳುವ ಒಂದು ಪುಟವೂ ನಮ್ಮ ಪಠ್ಯಗಳಲ್ಲಿಲ್ಲ. ಅವರ ಬಗ್ಗೆ ಬರೆದವರು ಮೊಗಲರ ಬಖೈರುಕಾರರು. ಆಮೇಲೆ 1853ರವರೆಗೆ ಸುರಪುರದಲ್ಲಿದ್ದು ಆತ್ಮಕಥೆ ಬರೆದ ಮೆಡೋಸ್ ಟೇಲರ್. ಒಬ್ಬರು ಶತ್ರು, ಇನ್ನೊಬ್ಬರು ಅಧಿಕಾರಿ. ಶತ್ರುವಿಗೆ ಕಾಣುವುದು ಬಂದು ತಗುಲಿದ ಗುಂಡು. ಅಧಿಕಾರಿಗೆ ಕಾಣುವುದು ಪ್ರಜೆಯ ಸ್ವಭಾವ. ಮದ್ದು ತುಂಬುವ ಕೈ ಇಬ್ಬರ ಕಣ್ಣಿಗೂ ಹೊರಗೆ.

ಬೇಡರ ಪರವಾಗಿ ಹಾಡಿದ ಲಾವಣಿಯಲ್ಲಾದರೂ ಅದು ಸಿಗುತ್ತದೆಯೇ? ಹತ್ತನೆಯ ತರಗತಿಯ ಪಠ್ಯದಿಂದ ನಮಗೆಲ್ಲ ಗೊತ್ತಿರುವ ಹಲಗಲಿ ಬೇಡರ ಲಾವಣಿಯನ್ನು ನೆನಪು ಮಾಡಿಕೊಳ್ಳಿ. ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಅದೂ ಒಂದು. 1857ರಲ್ಲಿ ಹತಾರ ಒಪ್ಪಿಸಬೇಕೆಂದು ಕಂಪನಿ ಸರ್ಕಾರದ ಹುಕುಂ ಬಂದಾಗ ಜಡಗ, ಬಾಲರು ಒಪ್ಪದೆ ಕಾದಾಡಿ ಮಡಿದ ಕತೆ. ನಮ್ಮ ತರಗತಿಗಳಲ್ಲಿ ಅದನ್ನು ಶೌರ್ಯದ ಪಾಠವಾಗಿ ಹೇಳುತ್ತೇವೆ. ಆದರೆ ಹತಾರ ಕೊಡುವುದಿಲ್ಲ ಎಂದವರು ಕೊಡಲು ಒಪ್ಪದೇ ಹೋದದ್ದು ಏನನ್ನು? ಕಬ್ಬಿಣದ ತುಂಡನ್ನು ಮಾತ್ರವೇ? ಹೊಟ್ಟೆಪಾಡಿನ ಕಸುಬನ್ನು, ಅಪ್ಪನಿಂದ ಮಗನಿಗೆ ಬಂದ ಕೈಗುಣವನ್ನು ಕೂಡ. ಹತಾರ ಹೋದರೆ ಅದರ ಜೊತೆ ಅದನ್ನು ಒಂದೇ ಹದದಲ್ಲಿಡುವ ನೂರು ಸಣ್ಣ ಅಭ್ಯಾಸಗಳು ಒಂದು ತಲೆಮಾರಿನಲ್ಲೇ ಅಳಿದುಹೋಗುತ್ತವೆ. ಲಾವಣಿ ಹಾಡುವವನಿಗೆ ಇದನ್ನು ನಿಂತು ಹೇಳುವ ಪುರಸೊತ್ತಿಲ್ಲ. ಡಪ್ಪಿನ ಬಡಿತ ಅವನನ್ನು ಯುದ್ಧದ ಕಡೆ ಎಳೆಯುತ್ತದೆ. ಲಾವಣಿಯೂ ಬೇಟೆಗತೆಯಂತೆ ಅಪರೂಪದ ದಿನವನ್ನೇ ಆರಿಸಿಕೊಂಡಿದೆ.

ಅದೇ ವರ್ಷದ ಇನ್ನೊಂದು ಸಂಗತಿಯನ್ನು ಇದರ ಪಕ್ಕ ಇಟ್ಟು ನೋಡಬೇಕು. ಸಿಪಾಯಿಗಳಿಗೆ ಕೊಟ್ಟ ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟಾ ಎಂದರೇನು? ಒಂದು ಈಡಿಗೆ ಬೇಕಾದ ಮದ್ದನ್ನೂ ಗುಂಡನ್ನೂ ಮೊದಲೇ ಅಳೆದು ಸುತ್ತಿದ ಪೊಟ್ಟಣ. ಹಲ್ಲಿನಿಂದ ಕಚ್ಚಿ ಹರಿ, ಮದ್ದು ಸುರಿ, ಗುಂಡು ತಳ್ಳು: ಸಾವಿರ ಜನ ಒಂದೇ ತಾಳಕ್ಕೆ ಮಾಡುವ ಕವಾಯತು. ಸಮವನ್ನು ಕೈಯಿಂದ ಕಿತ್ತು ಪೊಟ್ಟಣಕ್ಕೂ ಹುಕುಮಿಗೂ ಒಪ್ಪಿಸಿದ ಏರ್ಪಾಡು ಅದು. ಆ ಪೊಟ್ಟಣಕ್ಕೆ ಸವರಿದ ಕೊಬ್ಬಿನ ಸುದ್ದಿ ಹಬ್ಬಿದಾಗ ಏನಾಯಿತೆಂದು ಇತಿಹಾಸ ಹೇಳುತ್ತದೆ. ಸಿಪಾಯಿಯ ಬಾಯಿಗೂ ಒಂದು ನಿತ್ಯದ ನೇಮ ಇದೆ ಎಂಬುದು ಆ ಕವಾಯತು ರೂಪಿಸಿದವರ ಲೆಕ್ಕದಲ್ಲಿರಲಿಲ್ಲ. ಒಂದು ಕಡೆ ಕೈಯ ಅಭ್ಯಾಸವನ್ನು ಕಸಿದುಕೊಂಡ ಹಲಗಲಿ, ಇನ್ನೊಂದು ಕಡೆ ಅನ್ಯರ ಅಭ್ಯಾಸವನ್ನು ಹೇರಿದ ಕಾಗದದ ತೋಟಾ. ಎರಡನ್ನೂ ಒಂದೇ ಪ್ರಶ್ನೆಯ ಎರಡು ಮುಖಗಳಾಗಿ ಓದಲು ಸಾಧ್ಯ: ಒಂದೇ ಸಮನಾಗಿ ಮಾಡುವುದನ್ನು ಯಾರು, ಯಾರ ಸಲುವಾಗಿ ತೀರ್ಮಾನಿಸುತ್ತಾರೆ?

ಕೈಯ ಕಸುಬು ಸಾಹಿತ್ಯವಾಗುವುದೇ ಇಲ್ಲ ಎಂದು ನಾವು ಕೈಚೆಲ್ಲುವಂತಿಲ್ಲ, ಯಾಕೆಂದರೆ ನಮ್ಮದೇ ನೆಲದಲ್ಲಿ ಅದಕ್ಕೆ ವಿರುದ್ಧ ಸಾಕ್ಷಿ ಇದೆ. ಈಗಿನ ಸುರಪುರ ತಾಲ್ಲೂಕಿನ ಮುದನೂರಿನ ಜೇಡರ ದಾಸಿಮಯ್ಯ ನೇಕಾರ. ವಚನಕಾರರಲ್ಲಿ ಅಂಬಿಗರಿದ್ದರು, ಅಕ್ಕಿ ಆಯುವವರಿದ್ದರು, ಚಮ್ಮಾರರಿದ್ದರು. ಅವರ ಮಗ್ಗ, ಹುಟ್ಟು, ಉಳಿಗಳು ವಚನದೊಳಗೆ ಬಂದದ್ದು ಅಲಂಕಾರಕ್ಕಲ್ಲ. ದಿನಾ ಮಾಡುವ ಕೆಲಸದಿಂದಲೇ ಯೋಚಿಸುವವರ ಭಾಷೆ ಹಾಗಿರುತ್ತದೆ. ದುಡಿಯುವವನೇ ನುಡಿಯುವವನೂ ಆದಾಗ ಪುನರಾವರ್ತನೆಗೆ ಮರ್ಯಾದೆ ಬರುತ್ತದೆ. ನಾಲ್ಕೈದು ಶತಮಾನಗಳ ನಂತರ ಅದೇ ನೆಲದ ಬಂದೂಕಿನವನಿಗೆ ಆ ನುಡಿ ದಕ್ಕ‌ಲಿಲ್ಲ. ಹಾಗಾಗಿ ಅವನ ಕೈಗುಣ ಪರರ ಬರಹದಲ್ಲಿ ಒಂದೋ ಶೌರ್ಯವಾಯಿತು, ಇಲ್ಲವೇ ಕಾಡುತನವಾಯಿತು.

ಇದನ್ನೆಲ್ಲ ಕೊಲ್ಲುವ ವಿದ್ಯೆಯ ಬಗ್ಗೆ ಯಾಕೆ ಹೇಳಬೇಕು ಎಂದು ಕೇಳುವವರಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅದು ಹಾಗೇ ಇರಬೇಕು. ಬೇಟೆ ಮರಳಿ ಬರಲೆಂದು ಈ ಮಾತು ಹೇಳುತ್ತಿಲ್ಲ. ಹಳೆಯ ಬೇಟೆಗತೆಗಳೊಳಗೇ ಇರುವ ಒಂದು ಸತ್ಯವನ್ನು ನೋಡಿ. ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣು ಹುಲಿಯ ಲೆಕ್ಕಕ್ಕೆ 436 ಮನುಷ್ಯರ ಸಾವು ಬರೆದಿದ್ದಾರೆ. ಸತ್ತ ಹುಲಿಯ ಬಾಯಿ ತೆರೆದು ನೋಡಿದಾಗ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆಂದೋ ಯಾರೋ ಹೊಡೆದ ಗುಂಡಿನ ಗಾಯ ಅದು. ತನ್ನ ಸಹಜ ಬೇಟೆಯನ್ನು ಹಿಡಿಯಲಾಗದೆ ಅದು ಮನುಷ್ಯರ ಮೇಲೆ ಬಿದ್ದಿತು ಎಂಬುದು ಕಾರ್ಬೆಟ್ಟನ ತೀರ್ಮಾನ. ಆ ಮೊದಲ ಗುಂಡು ಹೊಡೆದವನ ಹೆಸರು ಯಾವ ಕತೆಯಲ್ಲೂ ಇಲ್ಲ. ಕೊನೆಯ ಗುಂಡಿನವನು ಪ್ರಸಿದ್ಧನಾದ; ಮೊದಲ ಗುಂಡು ನಾನೂರು ಮನೆಗಳಿಗೆ ಸಾವು ತಂದಿತು. ಈಡು ಸಮ ಇರಬೇಕೆಂಬ ಹಟಕ್ಕೆ ಒಂದು ನೀತಿಯ ಮುಖವೂ ಇದೆ ಎಂದು ಇದರಿಂದ ಅರ್ಥವಾಗುತ್ತದೆ. ಕೈಯ ಅಜಾಗರೂಕತೆಯ ಬೆಲೆಯನ್ನು ಬಹಳ ಸಲ ತೆರುವವರು ದೂರದಲ್ಲೆಲ್ಲೋ ಹುಲ್ಲು ಕೊಯ್ಯುತ್ತಿರುವವರು. ಐದೇ ತೋಟಾ ಒಯ್ಯುವ ಗೆಳೆಯನನ್ನು ನೋಡಿ ನಗುವಾಗ, ಆ ಐದರಲ್ಲಿ ಒಂದನ್ನೂ ಹಗುರವಾಗಿ ಹಾರಿಸಬಾರದೆಂಬ ಕಟ್ಟುಪಾಡೂ ಆ ಎಣಿಕೆಯೊಳಗೆ ಇರಬಹುದೆಂದು ಯೋಚಿಸಬೇಕು.

ವಿಮರ್ಶೆ ಮಾಡಲು ಹೊರಟ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಕೆಲಸ ಸಿಗುತ್ತದೆ. ಯಾವುದೇ ಕಸುಬಿನ ಕತೆ ಓದುವಾಗ, ಬೇಟೆಯದಿರಲಿ, ಒಕ್ಕಲುತನದ್ದಿರಲಿ, ಅಡುಗೆಯದಿರಲಿ, ಅಪರೂಪದ ಘಟನೆಯ ಹಿಂದೆ ದಿನಾ ನಡೆಯುವ ಕೆಲಸ ಎಲ್ಲಿದೆ ಎಂದು ಹುಡುಕಿ. ಅದನ್ನು ಮಾಡುವವರಿಗೆ ಹೆಸರಿದೆಯೇ ನೋಡಿ. ಅವರ ಅಭ್ಯಾಸವನ್ನು ಲೇಖಕರು ನಗೆಪಾಟಲು ಮಾಡಿದ್ದಾರೋ, ಮೂಢನಂಬಿಕೆ ಎಂದು ತಳ್ಳಿದ್ದಾರೋ, ಅಥವಾ ಯಾಕೆ ಹಾಗೆ ಮಾಡುತ್ತಾರೆಂದು ನಿಂತು ಕೇಳಿದ್ದಾರೋ ಗುರುತು ಹಾಕಿಕೊಳ್ಳಿ. ಜೋಳದ ರೊಟ್ಟಿ ಬಡಿಯುವವಳು ಹಿಟ್ಟಿಗೆ ಕುದಿನೀರು ಎಷ್ಟು ಎಂದು ಅಳೆದು ಹಾಕುವುದಿಲ್ಲ, ಆದರೆ ನೂರು ರೊಟ್ಟಿಯೂ ಒಂದೇ ತೆಳುವಿಗೆ ಬರುತ್ತವೆ. ಬಡಿತದ ಸಪ್ಪಳ ಬದಲಾದರೆ ಒಳಗಿನ ಕೋಣೆಯಲ್ಲಿದ್ದವರಿಗೂ ಗೊತ್ತಾಗುತ್ತದೆ. ಅಂಥ ಸಪ್ಪಳವನ್ನು ಬರೆದ ಪುಟಗಳು ನಮ್ಮಲ್ಲಿ ಎಷ್ಟಿವೆ?

ಹಲಗಲಿಯ ಲಾವಣಿಯನ್ನು ಈ ವರ್ಷವೂ ಎಷ್ಟೋ ಶಾಲೆಗಳಲ್ಲಿ ಓದಿಸುತ್ತಾರೆ. ಯಾರು ಹೋರಾಡಿದರು, ಯಾರು ಮಡಿದರು ಎಂಬ ಪ್ರಶ್ನೆಗಳ ಜೊತೆಗೆ ಒಂದು ಪ್ರಶ್ನೆಯನ್ನು ಸೇರಿಸಬಹುದು: ಹುಕುಂ ಬರುವ ಹಿಂದಿನ ದಿನ ಆ ಮನೆಗಳಲ್ಲಿ ಹತಾರಗಳನ್ನು ಯಾರು ಒರೆಸಿಡುತ್ತಿದ್ದರು, ಮದ್ದನ್ನು ಎಲ್ಲಿ ಒಣಗಿಸುತ್ತಿದ್ದರು? ಪಠ್ಯದಲ್ಲಿ ಉತ್ತರವಿಲ್ಲ. ಹುಡುಗರು ಮನೆಗೆ ಹೋಗಿ ಅಜ್ಜಂದಿರನ್ನು, ಅಜ್ಜಿಯರನ್ನು ಕೇಳಬೇಕಾಗುತ್ತದೆ. ಬಂದೂಕಿನ ಮಾತು ಸಿಗದಿದ್ದರೂ ಕೂರಿಗೆಯದು, ಕುಲುಮೆಯದು, ಮಗ್ಗದ್ದು ಸಿಗುತ್ತದೆ. ಅದನ್ನು ಬರೆದುಕೊಂಡು ಬಂದರೆ ಆ ದಿನದ ಪಾಠ ಮುಗಿದ ಹಾಗೆ.